ಕೋಳಿ ಗೊಬ್ಬರವೋ ಕೊಟ್ಟಿಗೆ ಗೊಬ್ಬರವೋ: ಮೊದಲು ಕಾವು ನೋಡಿ

ಟೊಮ್ಯಾಟೊ ನಾಟಿಗೆ ಕೊಟ್ಟಿಗೆ ಗೊಬ್ಬರ ಸಾಲುತ್ತಿಲ್ಲ, ಕೋಳಿ ಗೊಬ್ಬರ ಅಗ್ಗಕ್ಕೆ ಸಿಗುತ್ತಿದೆ, ಎರಡರಲ್ಲಿ ಯಾವುದಕ್ಕೆ ಶಕ್ತಿ ಹೆಚ್ಚು ಎಂದು ಕೇಳಿದ್ದೀರಿ. 2016ರಲ್ಲಿ ಮುಳಬಾಗಿಲು ಕಡೆಯ ನಮ್ಮ ಒಂದು ಎಕರೆಗೆ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ಮನೆಯಲ್ಲಿದ್ದ ಎರಡು ಹಸುಗಳ ತಿಪ್ಪೆ ರಾಗಿ ಹೊಲಕ್ಕೇ ಮುಗಿದಿತ್ತು. ಮೊಟ್ಟೆ ಕೋಳಿ ಸಾಕುವವರೊಬ್ಬರಿಂದ ನಾಲ್ಕು ಟ್ರ್ಯಾಕ್ಟರ್ ಲೋಡು ತರಿಸಿದೆ. ಮೂರು ತಿಂಗಳು ಹಳೆಯದು ಎಂದು ಅವರು ಹೇಳಿದ್ದರು. ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರಿಂದ ನಾನೂ ನಂಬಿದೆ. ಇಳಿಸುವಾಗ ಒಳಗೆ ಕೈ ಹಾಕಿದರೆ ಹಸಿ ಮುದ್ದೆಯಂತೆ ಅಂಟಿತು, ಬೆಚ್ಚಗೂ ಇತ್ತು. ಆ ಕಾವೇ ಗೊಬ್ಬರದ ಶಕ್ತಿ ಎಂದು ತಿಳಿದು ಸಂತೋಷಪಟ್ಟೆ.

ಸಸಿ ನೆಡುವ ಏರುಮಡಿ ಸಾಲುಗಳಲ್ಲಿ ಅದನ್ನು ಹಾಗೆಯೇ ಹರಡಿ, ಮಣ್ಣು ಎಳೆದು, ಡ್ರಿಪ್ ಪೈಪು ಹಾಸಿ, ಮೇಲೆ ಮಲ್ಚಿಂಗ್ ಪೇಪರ್ (ಮಣ್ಣು ಮುಚ್ಚುವ ಪ್ಲಾಸ್ಟಿಕ್ ಹಾಳೆ) ಹೊದಿಸಿ, ಐದನೆಯ ದಿನಕ್ಕೆ 5,000 ಸಸಿ ನಾಟಿ ಮಾಡಿಸಿದೆ. ಮೂರು ದಿನಗಳಲ್ಲಿ ಎಲೆಯಂಚು ಸುಟ್ಟಂತೆ ಕಂದಿತು. ನೀರು ಸಾಲದೆಂದು ಭಾವಿಸಿ ಡ್ರಿಪ್ಪನ್ನು ಇನ್ನೂ ಎರಡು ಗಂಟೆ ಹೆಚ್ಚಿಗೆ ಬಿಟ್ಟೆ. ಔಷಧಿ ಅಂಗಡಿಯವರು ಸೊರಗು ರೋಗವೆಂದು ಎರಡು ಬಾಟಲಿ ಕೊಟ್ಟರು, ಅದನ್ನೂ ಹೊಡೆದೆ. ಎಂಟನೆಯ ದಿನ ಪೇಪರಿನ ತೂತನ್ನು ಅಗಲಿಸಿ ಬಗ್ಗಿದಾಗ ಒಳಗಿನ ಘಾಟು ಮುಖಕ್ಕೆ ಹೊಡೆದು ಕಣ್ಣಲ್ಲಿ ನೀರು ಬಂತು. ಕಿತ್ತ ಸಸಿಯ ಬೇರಿನ ತುದಿ ಚಹಾದ ಬಣ್ಣಕ್ಕೆ ತಿರುಗಿತ್ತು.

ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಅದರ ಹೊಸ್ತಿಲಲ್ಲೇ ನಿಂತಿದ್ದೀರಿ. ಕೋಳಿ ದನದಂತೆ ಬೇರೆಯಾಗಿ ಗಂಜಲ ಹೊಯ್ಯುವುದಿಲ್ಲ. ಅದರ ಹಿಕ್ಕೆಯಲ್ಲಿ ಕಾಣುವ ಬಿಳಿಯ ಭಾಗವೇ ಯೂರಿಕ್ ಆಮ್ಲ. ತೇವ ಸಿಕ್ಕಿದೊಡನೆ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯಾ ಮಾಡುತ್ತವೆ. ಬಯಲಿನ ರಾಶಿಯಲ್ಲಾದರೆ ಆ ಅನಿಲ ಗಾಳಿಗೆ ಹೋಗುತ್ತಿತ್ತು. ನಾನು ಪ್ಲಾಸ್ಟಿಕ್ ಹೊದಿಸಿ ಅದನ್ನು ಎಳೆಯ ಬೇರಿನ ಬಳಿಯೇ ಕೂಡಿಹಾಕಿದ್ದೆ, ಸಾಲದೆಂಬಂತೆ ನೀರು ಕೊಟ್ಟು ಬೆಳೆಸಿದ್ದೆ. ಇನ್ನೊಂದು, ಅಳತೆ. 100 ಕಿಲೋ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಅರ್ಧ ಕಿಲೋ. ಅಷ್ಟೇ ತೂಕದ ಒಣ ಕೋಳಿ ಗೊಬ್ಬರದಲ್ಲಿ ಸುಮಾರು 3 ಕಿಲೋ. ನಾನು ಹಾಕಿದ್ದು ದನದ ಗೊಬ್ಬರದ ಲೆಕ್ಕದಲ್ಲಿ. ಮರುನಾಟಿ ಮಾಡುವಷ್ಟರಲ್ಲಿ ತಿಂಗಳು ಜಾರಿತು. ಅಕ್ಕಪಕ್ಕದವರು ಕೋಲಾರದ ಮಂಡಿಗೆ ಬಾಕ್ಸು ಕಳುಹಿಸುವಾಗ ನನ್ನ ಗಿಡ ಇನ್ನೂ ಹೂವಿನಲ್ಲಿತ್ತು.

ಆದ್ದರಿಂದ ಯಾವುದಕ್ಕೆ ಶಕ್ತಿ ಹೆಚ್ಚು ಎಂಬ ಪ್ರಶ್ನೆಯೇ ಸರಿಯಲ್ಲ. ನನ್ನ ಸಸಿಗಳನ್ನು ಕೊಂದದ್ದು ಆ ಶಕ್ತಿಯೇ. ಗೊಬ್ಬರ ಮಾಗಿದೆಯೇ ಎಂದು ಕೇಳಿ. ನಿಮ್ಮ ನಾಟಿಗೆ ಹದಿನೈದು ದಿನ ಮಾತ್ರ ಉಳಿದಿದ್ದರೆ ಪುಕ್ಕಟೆ ಕೊಟ್ಟರೂ ಆ ಲೋಡು ಬೇಡ. ಮೂರು ತಿಂಗಳಿದ್ದರೆ ಈಗಲೇ ತಂದು, ರಾಗಿ ಹುಲ್ಲು, ತರಗೆಲೆ, ಸ್ವಲ್ಪ ಮಣ್ಣು ಬೆರೆಸಿ ಮರದ ನೆರಳಿನಲ್ಲಿ ರಾಶಿ ಹಾಕಿ, ಹದಿನೈದು ದಿನಕ್ಕೊಮ್ಮೆ ಮಗುಚಿ. ರಾಶಿಯ ತೇವ ಎಷ್ಟಿರಬೇಕೆಂದರೆ, ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ದನದ ಸಗಣಿಗೂ ಈ ಮಾತು ಸಲ್ಲುತ್ತದೆ: ಅರೆಮಾಗಿದ ಸಗಣಿ ಹೊಲಕ್ಕೆ ಹೋದರೆ ಬೇರು ತಿನ್ನುವ ಗೊಣ್ಣೆ ಹುಳುವೂ ಜೊತೆಗೆ ಹೋಗುತ್ತದೆ. ನನ್ನನ್ನು ಕೇಳಿದರೆ, ಬೇಸಿಗೆಯಲ್ಲಿ ಹೊಲದಲ್ಲೇ ಕುರಿ ಮಂದೆ ನಿಲ್ಲಿಸುವುದು ಇವೆರಡಕ್ಕಿಂತ ಮೇಲು. ಹಿಕ್ಕೆಯ ಜೊತೆಗೆ ಗಂಜಲವೂ ನೇರವಾಗಿ ಮಣ್ಣಿಗೇ ಬೀಳುತ್ತದೆ, ಸಾಗಣೆಯ ಖರ್ಚಿಲ್ಲ. ಮಂದೆ ಎದ್ದ ಮೇಲೆ ಬಿಸಿಲಿಗೆ ಬಿಡದೆ ಉಳುಮೆ ಮಾಡಬೇಕು, ಅಷ್ಟೆ.

ರಾಶಿ ಮಾಗಿದೆಯೇ ಎಂದು ನಾನು ಈಗ ಯಾರ ಮಾತನ್ನೂ ಕೇಳುವುದಿಲ್ಲ. ನಡುವಿಗೆ ಹಾರೆ ಚುಚ್ಚಿ, ಹತ್ತು ನಿಮಿಷ ಬಿಟ್ಟು, ಎಳೆದು ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಒಳಗೆ ಇನ್ನೂ ಕೊಳೆಯುತ್ತಿದೆ, ಮಾಗಿಲ್ಲ ಎಂದರ್ಥ. ಹಾರೆ ತಣ್ಣಗಿದ್ದರೆ ಒಂದು ಕುಂಡದಲ್ಲಿ ಆ ಗೊಬ್ಬರ, ಮಣ್ಣು ಬೆರೆಸಿ ನಾಲ್ಕು ಅಲಸಂದೆ ಕಾಳು ಊರುತ್ತೇನೆ, ಮೊಳಕೆ ಸುಡದೆ ಬಂದರೆ ಮಾತ್ರ ಹೊಲಕ್ಕೆ. ಕಳೆದ ವರ್ಷ ಎಪ್ಪತ್ತನೆಯ ದಿನವೂ ಹಾರೆ ಬೆಚ್ಚಗಿತ್ತು. ನರ್ಸರಿಯವರಿಗೆ ಫೋನು ಮಾಡಿ ಸಸಿಯನ್ನು ಹತ್ತು ದಿನ ತಡವಾಗಿ ಕೊಡಲು ಹೇಳಿದೆ.