ಮಕ್ಕಳು ತಾವೇ ಬರೆದ ಉತ್ತರವನ್ನು ಎಷ್ಟು ನಂಬಬಹುದು?

ಮಾನ್ಯರೇ, ಮುಳಬಾಗಿಲು ತಾಲ್ಲೂಕಿನ ನಿಮ್ಮ ಪ್ರೌಢಶಾಲೆಯ ಸಮೀಕ್ಷೆಯಲ್ಲಿ ಗುಟ್ಕಾ ಹಾಕುತ್ತೇವೆಂದು ಒಪ್ಪಿಕೊಂಡವರು ಬೆರಳೆಣಿಕೆಯಷ್ಟೇ ಇದ್ದಾರೆ, ಇದನ್ನು ನಂಬಬಹುದೇ ಎಂದು ಕೇಳಿದ್ದೀರಿ. ಹಾಳೆಯ ಮೇಲೆ ಹಾಜರಿ ಸಂಖ್ಯೆ ಬರೆಸಿ, ಒಂದೇ ಬೆಂಚಿನಲ್ಲಿ ಮೂವರನ್ನು ಕೂರಿಸಿ, ತರಗತಿಯ ಮೇಷ್ಟರೇ ಸಾಲುಗಳ ನಡುವೆ ಓಡಾಡುತ್ತಾ ತುಂಬಿಸಿದರೆಂದು ನೀವೇ ತಿಳಿಸಿರುವುದರಿಂದ, ಆ ಸಂಖ್ಯೆಯನ್ನು ನಾನು ನಂಬುವುದಿಲ್ಲ.

ಹಾಗೆಂದು ಇಂಥ ಸಮೀಕ್ಷೆಗಳೆಲ್ಲ ಸುಳ್ಳೆನ್ನುವುದೂ ಸರಿಯಲ್ಲ. ತಮ್ಮ ಉತ್ತರ ಯಾರ ಕಣ್ಣಿಗೂ ಬೀಳದೆಂಬ ನಂಬಿಕೆ ಹುಟ್ಟಿದರೆ ಮಕ್ಕಳು ಬಾಯಿಬಿಡುತ್ತಾರೆ. 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 15ರಿಂದ 19 ವರ್ಷದ ಹುಡುಗರಲ್ಲಿ ಕೆಲವರು ಕಾಗದದ ಮೇಲೆ ಉತ್ತರಿಸಿದರೆ, ಉಳಿದವರು ಹೆಡ್‌ಫೋನಿನಲ್ಲಿ ಪ್ರಶ್ನೆ ಕೇಳಿಸಿಕೊಂಡು ಕಂಪ್ಯೂಟರಿನಲ್ಲಿ ಉತ್ತರಿಸಿದರು. ತೀರಾ ಮುಜುಗರದ ಒಂದು ಪ್ರಶ್ನೆಗೆ ಹೌದೆಂದವರು ಕಾಗದದಲ್ಲಿ ಶೇ 1.5, ಕಂಪ್ಯೂಟರಿನಲ್ಲಿ ಶೇ 5.5. ಮನೆಯಲ್ಲಿ ಕೇಳಿದಾಗ ಒಪ್ಪಿಕೊಳ್ಳುವವರು ಶಾಲೆಗಿಂತಲೂ ಕಡಿಮೆ. ಜಂಬಕ್ಕೆ ಹೆಚ್ಚಿಸಿ ಬರೆಯುವವರೂ ಇರುತ್ತಾರೆ. ಅವರನ್ನು ಗುರುತಿಸಲು ಕೆಲವು ಸಮೀಕ್ಷೆಗಳು ಇಲ್ಲದ ಮಾದಕವಸ್ತುವೊಂದರ ಹೆಸರನ್ನು ಪಟ್ಟಿಯಲ್ಲಿ ಸೇರಿಸುತ್ತವೆ.

ನನಗೆ ಹೆಚ್ಚು ಚಿಂತೆಯಾಗುವುದು ಅಂದು ತರಗತಿಯಲ್ಲೇ ಇಲ್ಲದವರ ಬಗ್ಗೆ. ಭಾರತದ 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆ 13ರಿಂದ 15 ವರ್ಷದವರಲ್ಲಿ ಶೇ 8.5ರಷ್ಟು ಮಂದಿ ತಂಬಾಕು ಬಳಸುತ್ತಾರೆಂದಿತು, ಆದರೆ ಅದು ಶಾಲೆಗೆ ಹೋಗುವವರ ಲೆಕ್ಕ. ಓದು ಬಿಟ್ಟು ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟ್ ಹೊರುವ ಹುಡುಗ ಅದರಲ್ಲಿ ಬರುವುದಿಲ್ಲ.

ಮತ್ತೊಮ್ಮೆ ಮಾಡುವುದಾದರೆ ಹಾಜರಿ ಸಂಖ್ಯೆ ಕೈಬಿಡಿ, ಹೊರಗಿನವರಿಂದ ನಡೆಸಿ, ಹಾಳೆಗಳನ್ನು ಮುಚ್ಚಿದ ಪೆಟ್ಟಿಗೆಗೆ ಹಾಕಿಸಿ. 'ಅಭ್ಯಾಸವಿದೆಯೇ' ಎನ್ನುವ ಬದಲು 'ಕಳೆದ 30 ದಿನಗಳಲ್ಲಿ ಎಷ್ಟು ದಿನ ಹಾಕಿಕೊಂಡಿರಿ' ಎಂದು ಕೇಳಿ.