ಮಳೆಗೆ ಮೊದಲೇ ಚಿಗುರುವ ಮರಕ್ಕೆ ನೀರೆಲ್ಲಿಯದು?

ಪ್ರಶ್ನೆ: ಶಿರಸಿಯಿಂದ ಮುಂಡಗೋಡಿನ ಕಡೆಗೆ ಹೋಗುವಾಗ ಮಾರ್ಚ್ ತಿಂಗಳಲ್ಲಿ ಮತ್ತಿ, ತೇಗದ ಮರಗಳು ಬೋಳಾಗಿ ನಿಂತಿರುತ್ತವೆ. ಆದರೆ ಮಳೆ ಬೀಳುವ ಮೊದಲೇ, ಬಿಸಿಲು ಏರಿರುವಾಗಲೇ ಕಾಡಿನ ಹಲವು ಮರಗಳು ಚಿಗುರುತ್ತವೆ. ಅವಕ್ಕೆ ನೀರು ಎಲ್ಲಿಂದ ಬರುತ್ತದೆ? ಆ ಹೊತ್ತಿನಲ್ಲಿ ಬೆಟ್ಟದ ಸೊಪ್ಪು ಕಡಿಯಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ನೀರಿನ ಕೊರತೆಯೂ ಬಿಸಿಲಿನ ಕಾವೂ ಎಲೆಯನ್ನು ಒಟ್ಟಿಗೇ ಕಾಡುತ್ತವೆ. ಎಲೆ ತನ್ನ ಸೂಕ್ಷ್ಮ ರಂಧ್ರಗಳಿಂದ ನೀರನ್ನು ಆವಿಯಾಗಿಸಿ ತಂಪಾಗಿರುತ್ತದೆ. ಆ ಆವಿಯ ಸೆಳೆತವೇ ಬೇರಿನಿಂದ ನೀರನ್ನು ಮೇಲಕ್ಕೆ ತರುತ್ತದೆ. ಮಣ್ಣು ಒಣಗಿದಾಗ ಈ ಸೆಳೆತ ಮಿತಿಮೀರಿ, ಕಾಂಡದ ನಾಳದಲ್ಲಿ ನೀರಿನ ಎಳೆ ತುಂಡಾಗಿ ಗಾಳಿಯ ಗುಳ್ಳೆ ಸೇರಿಕೊಂಡರೆ ಆ ನಾಳ ಕೆಲಸಕ್ಕೆ ಬಾರದಾಗುತ್ತದೆ. ಹಾಗಾಗದಂತೆ ರಂಧ್ರಗಳನ್ನು ಮುಚ್ಚಿಕೊಂಡರೆ ಎಲೆ ಸುತ್ತಲಿನ ಗಾಳಿಗಿಂತ ಬಿಸಿಯಾಗುತ್ತದೆ, ಆಹಾರ ತಯಾರಿಕೆಯೂ ನಿಲ್ಲುತ್ತದೆ. ನೆಲ್ಲಿ, ಹುಣಸೆಯಂಥ ಮರಗಳ ಕಿರು ಎಲೆಗಳ ಕಾವು ಸ್ವಲ್ಪ ಗಾಳಿಯಾಡಿದರೂ ಇಳಿಯುತ್ತದೆ. ತೇಗದ ಮೊರದಗಲದ ಎಲೆಗೆ ಆ ಅನುಕೂಲವಿಲ್ಲದ್ದರಿಂದ ಅದನ್ನು ಕಳಚಿಬಿಡುವುದೇ ಮರಕ್ಕೆ ಲಾಭ.

ಎಲೆ ಉದುರಿದೊಡನೆ ನೀರಿನ ಖರ್ಚು ಬಹುಪಾಲು ನಿಲ್ಲುತ್ತದೆ. ಮೇಲ್ಮಣ್ಣು ಒಣಗಿದ್ದರೂ ಆಳದ ಬೇರುಗಳು ತೇವವನ್ನು ಹೀರುತ್ತಲೇ ಇರುವುದರಿಂದ ಕಾಂಡದಲ್ಲಿ ನೀರು ಮತ್ತೆ ತುಂಬಿಕೊಂಡು ಮೊಗ್ಗುಗಳು ಉಬ್ಬಿ ಒಡೆಯುತ್ತವೆ. ಕೆಲವು ಮತ್ತಿ ಮರಗಳ ಕಾಂಡದ ಉಬ್ಬಿಗೆ ಕತ್ತಿ ಹಾಕಿದರೆ ಬೇಸಿಗೆಯಲ್ಲೂ ನೀರು ಚಿಮ್ಮುತ್ತದೆ. ಚೌಕ ಚೌಕವಾಗಿ ಬಿರಿದ ಅದರ ದಪ್ಪ ತೊಗಟೆಯಂತೂ ನೆಲದ ಬೆಂಕಿಯ ಕಾವನ್ನೂ ಒಳಗೆ ಬಿಡುವುದಿಲ್ಲ.

ಆಫ್ರಿಕಾದ ಹುಲ್ಲುಗಾಡಿನ ಮರಗಳ ರೀತಿಯೂ ಇದೇ. ಜಾಂಬಿಯಾದ ಮಿಯೊಂಬೊ ಕಾಡು ನವೆಂಬರ್ ಮಳೆಗೆ ಮೊದಲೇ, ಸೆಪ್ಟೆಂಬರ್ ಹೊತ್ತಿಗೆ ಕೆಂದಳಿರು ತಳೆಯುತ್ತದೆ. ಕಲಹಾರಿಯಲ್ಲಿ ಕೊಳವೆಬಾವಿ ಕೊರೆಯುವಾಗ ಒಂದು ಜಾತಿಯ ಮರದ ಬೇರು 68 ಮೀಟರ್ ಆಳದಲ್ಲಿ ಸಿಕ್ಕಿದೆ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ‘ದೊಡ್ಡ ಹುಣಸೆ’ ಎಂದು ಕರೆಯುವ, ಭಾರೀ ದಪ್ಪ ಕಾಂಡದ ಬಾವೊಬಾಬ್ ಮರಗಳೂ (ಇವು ನಮ್ಮ ಮಾಮೂಲಿ ಹುಣಸೆಯಲ್ಲ) ಆಫ್ರಿಕಾ ಮೂಲದವೇ. ಮಡಗಾಸ್ಕರ್‌ನಲ್ಲಿರುವ ಅವುಗಳ ಸೋದರ ಜಾತಿಗಳನ್ನು ಪರೀಕ್ಷಿಸಿದಾಗ, ಕಾಂಡದ ನೀರು ದಿನನಿತ್ಯದ ಬಳಕೆಗಿಂತ ಹೆಚ್ಚಾಗಿ ಮಳೆಗೆ ಮುಂಚಿನ ಚಿಗುರಿಗೇ ವಿನಿಯೋಗವಾಗುವುದು ಕಂಡುಬಂದಿದೆ.

ಇನ್ನು ಸೊಪ್ಪಿನ ವಿಷಯ. ಉದುರಿದ ದರಕನ್ನು ಗುಡಿಸಿ ತರುವುದರಿಂದ ಮರದೊಳಗಿನ ನೀರಿಗೆ ಧಕ್ಕೆಯಿಲ್ಲ. ನೆಲದ ತೇವ ಉಳಿಯಲು ಒಂದಿಷ್ಟನ್ನು ಅಲ್ಲೇ ಬಿಟ್ಟರೆ ಒಳ್ಳೆಯದು. ಏಪ್ರಿಲ್‌ನ ಎಳೆ ಸೊಪ್ಪನ್ನು ಮಾತ್ರ ದಯವಿಟ್ಟು ಕಡಿಯಬೇಡಿ. ಕೂಡಿಟ್ಟ ನೀರನ್ನೂ ಪಿಷ್ಟವನ್ನೂ ಮರ ಆಗಷ್ಟೇ ಅದಕ್ಕೆ ಖರ್ಚು ಮಾಡಿರುವುದರಿಂದ, ಮಳೆಗೆ ಮುನ್ನ ಇನ್ನೊಮ್ಮೆ ಚಿಗುರುವುದು ಅದಕ್ಕೆ ಬಹಳ ಕಷ್ಟ. ಜೂನ್ ಮಳೆ ಹಿಡಿದು ಸೊಪ್ಪು ಬಲಿತ ಮೇಲೆ, ತುದಿಯ ಕೊಂಬೆಗಳನ್ನು ಉಳಿಸಿಕೊಂಡು ಕಡಿಯಿರಿ.