ಎಕ್ಸ್‌ರೇಯಲ್ಲಿ ಕಾಣದ ಶೇಂಗಾ ಬೀಜ

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಹಳ್ಳಿ. ಮಗನಿಗೆ ಇನ್ನೂ ಎರಡು ತುಂಬಿಲ್ಲ. ತಿಂಗಳ ಹಿಂದೆ ಮನೆಯಲ್ಲಿ ಶೇಂಗಾ ಸುಲಿಯುವಾಗ ಬೀಜ ಬಾಯಿಗೆ ಹಾಕಿಕೊಂಡು ವಿಪರೀತ ಕೆಮ್ಮಿದ. ಸ್ವಲ್ಪ ಹೊತ್ತಿಗೆ ಸರಿಹೋದ. ಈಗ ಕೆಮ್ಮು, ಉಬ್ಬಸ ಬಿಡುತ್ತಿಲ್ಲ. ಔಷಧಿ ಕೊಟ್ಟಾಗ ಕಡಿಮೆಯಾಗಿ ಮತ್ತೆ ಶುರುವಾಗುತ್ತದೆ. ಎಕ್ಸ್‌ರೇ ಚೆನ್ನಾಗಿದೆ ಎಂದಿದ್ದಾರೆ. ಅತ್ತೆಯವರು ದೃಷ್ಟಿಯಾಗಿದೆ ಎನ್ನುತ್ತಾರೆ. ಏನು ಮಾಡಲಿ ಡಾಕ್ಟರೇ?

ಉತ್ತರ: ತಾಯಿ, ಆ ಎಕ್ಸ್‌ರೇಗಿಂತ ನೀವು ಕಂಡ ಕೆಮ್ಮನ್ನೇ ನಾನು ಹೆಚ್ಚು ನಂಬುತ್ತೇನೆ. ಶೇಂಗಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನಾಣ್ಯವೋ ಮೊಳೆಯೋ ಆಗಿದ್ದರೆ ಎದ್ದು ಕಾಣುತ್ತಿತ್ತು. ಬೀಜವಾದರೆ ಒಂದು ಕಡೆಯ ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಕೊಂಡಂತಹ ಪರೋಕ್ಷ ಗುರುತು ಸಿಗಬಹುದು, ಸಿಗದೆಯೂ ಇರಬಹುದು.

ನಡುವೆ ಮಗು ಆರಾಮಾಗಿದ್ದದ್ದೇ ಎಲ್ಲರನ್ನೂ ದಾರಿ ತಪ್ಪಿಸುವುದು. ಬೀಜ ಗಂಟಲು ದಾಟಿ ಶ್ವಾಸನಾಳದ ಒಂದು ಕವಲಿನಲ್ಲಿ ಕುಳಿತರೆ ಮೊದಲಿನ ಕೆಮ್ಮು ನಿಲ್ಲುತ್ತದೆ. ಬಲ ಕವಲು ಅಗಲ ಮತ್ತು ನೇರವಾಗಿರುವುದರಿಂದ ಅತ್ತ ಜಾರುವುದು ಹೆಚ್ಚು, ಎಡಕ್ಕೆ ಹೋಗುವುದೂ ಉಂಟು. ಆಮೇಲೆ ಬೀಜ ತೇವ ಹೀರಿ ಉಬ್ಬುತ್ತದೆ, ಅದರ ಎಣ್ಣೆ ಒಳಪೊರೆಯನ್ನು ಕೆರಳಿಸಿ ಊತ ತರಿಸುತ್ತದೆ. ಹೀಗಾಗಿ ಪ್ಲಾಸ್ಟಿಕ್ ತುಣುಕಿಗಿಂತ ಶೇಂಗಾ ಕೆಟ್ಟದ್ದು. ಸ್ಟೀರಾಯ್ಡ್, ಆಂಟಿಬಯೋಟಿಕ್ ಕೊಟ್ಟಾಗ ಊತ ಇಳಿದು ಗುಣವಾದಂತೆ ತೋರುತ್ತದೆ. ಬೀಜ ಮಾತ್ರ ಅಲ್ಲೇ ಇರುತ್ತದೆ. ಒಂದೇ ಕಡೆ ಉಬ್ಬಸ, ಅದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಕಂಡರೆ ಆಸ್ತಮಾ ಎನ್ನುವ ಮೊದಲು ಇದನ್ನು ಶಂಕಿಸಬೇಕು.

ಇದಕ್ಕೆ ಪರಿಹಾರ ರಿಜಿಡ್ ಬ್ರಾಂಕೋಸ್ಕೋಪಿ. ಪೂರ್ಣ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಶ್ವಾಸನಾಳಕ್ಕೆ ಲೋಹದ ಕೊಳವೆ ಇಳಿಸಿ, ಅದರೊಳಗಿಂದಲೇ ಉಸಿರು ಕೊಡುತ್ತಾ ಚಿಮಟದಿಂದ ಬೀಜ ತೆಗೆಯುತ್ತೇವೆ. ಹಳೆಯ ಬೀಜ ಹಿಡಿದೊಡನೆ ಪುಡಿಯಾಗಬಹುದು. ಆದ್ದರಿಂದ ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರು ಇರುವಲ್ಲಿಗೇ ಹೋಗಿ. ದಾವಣಗೆರೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಮೊದಲೇ ಫೋನ್ ಮಾಡಿ ವಿಚಾರಿಸಿ, ನಾಳೆಯೇ ಹೊರಡಿ. ಉಸಿರಾಟ ಕಷ್ಟವಾದರೆ, ತುಟಿ ನೀಲಿಯಾದರೆ ನಾಳೆಗೂ ಕಾಯದೆ ಹತ್ತಿರದ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ. ದೃಷ್ಟಿ ತೆಗೆಯುವುದಕ್ಕೆ ನನ್ನ ತಕರಾರಿಲ್ಲ, ಬೀಜ ತೆಗೆದ ಮೇಲೆ ತೆಗೆಯಲಿ. ನಾಲ್ಕು ವರ್ಷ ತುಂಬುವವರೆಗೆ ಇಡೀ ಶೇಂಗಾ ಬೀಜ ಕೊಡಬೇಡಿ. ಮಂಡಕ್ಕಿಯಲ್ಲಿ ಬೆರೆತದ್ದನ್ನೂ ಆರಿಸಿ ತೆಗೆಯಿರಿ.

ಪ್ರಶ್ನೆ: ಕಿವಿಗೆ ಏನಾದರೂ ಹೊಕ್ಕರೆ ನೀರು ಹಾಕಬಹುದೇ? (ದಾವಣಗೆರೆ)

ಉತ್ತರ: ಒಳಗಿರುವುದು ಏನು ಎಂಬುದರ ಮೇಲಿದೆ. ಜೀವಂತ ಹುಳುವಾದರೆ, ಕಿವಿ ಸೋರುವ ತೊಂದರೆಯಾಗಲಿ ತಮಟೆಯಲ್ಲಿ ರಂಧ್ರವಾಗಲಿ ಇಲ್ಲದಿದ್ದರೆ, ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆಯ ನಾಲ್ಕು ಹನಿ ಸಾಕು. ಸತ್ತ ಹುಳುವನ್ನು ವೈದ್ಯರು ತೆಗೆಯುತ್ತಾರೆ. ಮೆಕ್ಕೆಜೋಳವೋ ಕಾಳೋ ಆಗಿದ್ದರೆ ನೀರು ಬೇಡ, ಉಬ್ಬಿ ಬಿಗಿಯುತ್ತದೆ. ಆಟಿಕೆಯ ಬಟನ್ ಬ್ಯಾಟರಿಯಾದರೆ ಏನನ್ನೂ ಹಾಕದೆ ಆಗಲೇ ಆಸ್ಪತ್ರೆಗೆ ಹೊರಡಿ, ಕೆಲವೇ ಗಂಟೆಗಳಲ್ಲಿ ಅದು ಒಳಗಿನ ಚರ್ಮವನ್ನು ಸುಡುತ್ತದೆ.